ಖಾಲಿ ಚೌಕಟ್ಟು

ಅಜ್ಜನ ಅಂಗಡಿಯ ಮೇಲಿನ ಕೋಣೆ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಹಡಗು ಓಲಾಡಿದಾಗಲೆಲ್ಲ ಹೊಟ್ಟೆ ತೊಳಸುತ್ತದೆ ಅಂದಿದ್ದೆಯಲ್ಲ, ಅದು ನಿಂತಿತೋ ಇಲ್ಲವೋ? ಅಷ್ಟು ಜನಕ್ಕೆ ಬೇಯಿಸಿ ಹಾಕುವವನು ತಾನು ಸರಿಯಾಗಿ ಉಣ್ಣುತ್ತಿಲ್ಲವೆಂದು ಅಜ್ಜಿಗೆ ಅನುಮಾನ. ನೀನು ಕಳಿಸಿದ ಫೋಟೋದಲ್ಲಿ ಕೆನ್ನೆ ಇಳಿದುಹೋಗಿದೆಯಂತೆ. ಗಡ್ಡ ಬಿಟ್ಟಿದ್ದಾನೆ ಅಷ್ಟೇ ಅಂದರೆ ಕೇಳಬೇಕಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜನ ಗಾಜಿನಂಗಡಿಗೆ ಬಂದು ಸೇರಿದ ಮೇಲೆ ನಾನು ಬೆರಳಿಗೆ ಪಟ್ಟಿ ಸುತ್ತಿಕೊಳ್ಳದ ವಾರವೆಂದರೆ ಇದೇ ಮೊದಲು. ಬೇಕಾದರೆ ಹೊಗಳು.

ನಿನ್ನ ಕಾಗದದಲ್ಲಿ ಎರಡು ವಿಷಯ ಇತ್ತು. ರಜೆ ತೆಗೆದುಕೊಳ್ಳದೆ ಇನ್ನೊಂದು ಪ್ರಯಾಣಕ್ಕೆ ಹೆಸರು ಕೊಡುವ ಯೋಚನೆ ಇದೆ ಅಂತ ಒಂದು. ಅದಕ್ಕೆ ಆಮೇಲೆ ಬರುತ್ತೇನೆ. ಚಿಕ್ಕಂದಿನಲ್ಲಿ ರಜಕ್ಕೆ ಇಲ್ಲಿಗೆ ಬಂದಾಗ ಬೀದಿಗೆ ಬೀದಿಯೇ ಮಾತು ನಿಲ್ಲಿಸಿ ನಿಲ್ಲುತ್ತಿತ್ತಲ್ಲ, ಅದು ನಿಜವೋ ಅಥವಾ ನಾನೇ ಕಟ್ಟಿಕೊಂಡ ಕಥೆಯೋ ಅಂತ ಇನ್ನೊಂದು. ನಿಜ ಕಣೋ. ನಿನಗೆ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ. ಈ ಬೀದಿಯಲ್ಲೇ ಬದುಕುತ್ತಿರುವ ನನಗೂ ಒಮ್ಮೊಮ್ಮೆ ಅದು ನಂಬುವಂಥದ್ದಲ್ಲ ಅನ್ನಿಸುತ್ತದೆ.

ಬಸ್ಸಿಳಿದು ಓಡಿಬಂದು ಅಂಗಡಿಯ ಹೊಸ್ತಿಲಲ್ಲಿ ಗಕ್ಕನೆ ನಿಲ್ಲುತ್ತಿದ್ದೆವು, ನೆನಪಿದೆಯಾ? ಗೋಡೆಗಳಿಗೆ ಒರಗಿಸಿಟ್ಟ ಗಾಜಿನ ಹಾಳೆಗಳು, ಅವುಗಳ ಅಂಚಿನಲ್ಲಿ ಕೆರೆಯ ನೀರಿನ ಹಸಿರು, ಒಳಗೆ ಎಲ್ಲಿ ನೋಡಿದರೂ ನಾವೇ. 'ಕೈ ಬೆನ್ನ ಹಿಂದೆ' ಅಂತ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದಳು. ನಾವು ಕೈ ಹಿಂದೆ ಕಟ್ಟಿಕೊಂಡು, ದೊಡ್ಡ ಸಾಹೇಬರ ಹಾಗೆ, ಅಜ್ಜ ಗಾಜು ಕೊಯ್ಯುವುದನ್ನು ನೋಡುತ್ತಿದ್ದೆವು. ಆ ಚೂಪು ಮೊನೆಯ ಕಡ್ಡಿಯಿಂದ ಅಜ್ಜ ಒಂದೇ ಒಂದು ಗೆರೆ ಎಳೆಯುತ್ತಿದ್ದ. ಆಮೇಲೆ ಮೇಜಿನ ಅಂಚಿಗಿಟ್ಟು ಮೆಲ್ಲಗೆ ಒತ್ತಿದರೆ ಅಷ್ಟು ದೊಡ್ಡ ಹಾಳೆ ತುಟಿ ಪಿಟಕ್ಕೆನ್ನದೆ ಎರಡಾಗುತ್ತಿತ್ತು. ಅಜ್ಜ ಗಾಜಿನ ಕಿವಿಯಲ್ಲಿ ಏನೋ ಹೇಳುತ್ತಾನೆ ಅಂತ ನೀನು ನಂಬಿದ್ದೆ. ನಾನು ನಿನ್ನನ್ನು ಆಡಿಕೊಂಡು ನಗುತ್ತಿದ್ದೆ, ಆದರೆ ಒಳಗೊಳಗೇ ನಾನೂ ನಂಬಿದ್ದೆ.

ಇನ್ನು ಆ ಮೌನದ ವಿಷಯ. ನಮ್ಮ ಬೀದಿಯಲ್ಲಿ ಗಾಡಿ ತಿರುಗುವುದಿಲ್ಲ. ಹಾಗಾಗಿ ದೊಡ್ಡ ಗಾಜನ್ನು ಅಜ್ಜ ಅಜ್ಜಿ ಹೊತ್ತೇ ಸಾಗಿಸಬೇಕು. ಅಜ್ಜಿ ಮುಂದಿನ ತುದಿ, ಅಜ್ಜ ಹಿಂದಿನ ತುದಿ. ಎತ್ತಿದಲ್ಲಿಂದ ಇಳಿಸುವವರೆಗೆ ಇಬ್ಬರ ಬಾಯಿಗೂ ಬೀಗ. ಹೆಜ್ಜೆ ತಪ್ಪಿದರೆ ಗಾಜು ನಡುವೆ ತಿರುಚಿಕೊಳ್ಳುತ್ತದೆ, ಮಾತಾಡಿದರೆ ಹೆಜ್ಜೆ ತಪ್ಪುತ್ತದೆ ಅನ್ನುವುದು ಅವರ ಲೆಕ್ಕ. ಹಳ್ಳ ಸಿಕ್ಕಾಗ ಅಜ್ಜಿ ನಾಲಗೆಯಿಂದ ಒಮ್ಮೆ ಲೊಚಗುಟ್ಟುತ್ತಿದ್ದಳು, ಅಷ್ಟೇ. ಅವರು ಹೊರಟರೆಂದರೆ ಕ್ಷೌರದವನು ಗಿರಾಕಿಯ ಗಲ್ಲದಿಂದ ಕತ್ತಿ ಎತ್ತಿ ನಿಲ್ಲುತ್ತಿದ್ದ. ಸೈಕಲ್ಲಿನವರು ಇಳಿಯುತ್ತಿದ್ದರು. ಬೇಕರಿಯವನ ಹೆಂಡತಿ ಅಳುವ ಮಗುವನ್ನು ಒಳಗೆ ಎತ್ತಿಕೊಂಡು ಹೋಗುತ್ತಿದ್ದಳು. ಯಾರೂ ಅವರಿಗೆ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಆ ಗಾಜಿನೊಳಗೆ ಆಕಾಶ, ಮನೆಗಳ ಮಾಡು, ಸುಮ್ಮನೆ ನಿಂತ ಜನ ಎಲ್ಲವೂ ಒಟ್ಟಿಗೆ ನಡೆದು ಹೋಗುತ್ತಿದ್ದವು. ನನ್ನ ಮೈ ಜುಮ್ಮೆನ್ನುತ್ತಿತ್ತು. ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇದೆ ಅಂತ ಆಗ ಯಾರಾದರೂ ಹೇಳಿದ್ದರೆ ನಾನು ಅವರನ್ನು ಪೆದ್ದರು ಅಂದುಕೊಳ್ಳುತ್ತಿದ್ದೆ.

ಅದಕ್ಕೇ ಅಲ್ಲವೇನೋ ನಾವು ಆ ಖಾಲಿ ಚೌಕಟ್ಟು ಹೊತ್ತದ್ದು? ಹಿತ್ತಿಲಲ್ಲಿ ಬಿದ್ದಿದ್ದ ಕಿಟಕಿಯ ಮರದ ಚೌಕಟ್ಟು. ಗಾಜಿಲ್ಲ, ಏನಿಲ್ಲ. ನಾನು ಮುಂದೆ, ನೀನು ಹಿಂದೆ. ಅಜ್ಜನ ಕೈಗವಸು ನಿನ್ನ ಮೊಣಕೈವರೆಗೂ ಬಂದಿತ್ತು. ಬಾವಿಯ ತಿರುವಿನಿಂದ ಹೊರಟು ಅಂಗಡಿಯ ಕಡೆಗೆ ನಡೆದೆವು, ಮುಖ ಬಿಗಿದುಕೊಂಡು, ಉಸಿರು ಬಿಗಿಹಿಡಿದುಕೊಂಡು. ಆಗ ಕ್ಷೌರದವನು ಕತ್ತಿ ಎತ್ತಿದ. ಸೈಕಲ್ಲಿನವನೊಬ್ಬ ಇಳಿದ. ಬೀದಿ ಮೌನವಾಯಿತು ಗುಂಡಾ, ನಮಗಾಗಿ. ಶುಭ್ರವಾಗಿ ಒರೆಸಿದ ಗಾಜು ಕಣ್ಣಿಗೆ ಕಾಣುವುದಿಲ್ಲವಲ್ಲ, ನಮ್ಮ ಹೆಜ್ಜೆ ನೋಡಿಯೇ ಗಾಜಿದೆ ಅಂದುಕೊಂಡಿದ್ದರು. ನನಗಂತೂ ಕೈ ಭಾರವಾದಂತೆಯೇ ಅನ್ನಿಸಿತು. ಅರ್ಧ ದಾರಿ ಆಗಿತ್ತೋ ಇಲ್ಲವೋ, ಬೇಕರಿಯ ಬೆಕ್ಕು ಕಟ್ಟೆಯಿಂದ ಹಾರಿ ಚೌಕಟ್ಟಿನ ನಟ್ಟನಡುವೆ ತೂರಿಕೊಂಡು ಆಚೆ ಇಳಿದು, ಮೀಸೆ ಒರೆಸಿಕೊಂಡು ಹೋಯಿತು. ಒಂದು ಕ್ಷಣ ಎಲ್ಲರ ಎದೆ ಝಲ್ಲೆಂದಿತು. ಆಮೇಲೆ ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿನ್ನ ಕಿವಿ ಕೆಂಪಾಗಿದ್ದು ತಿರುಗಿ ನೋಡದೆಯೇ ನನಗೆ ಗೊತ್ತಿತ್ತು. ಆದರೂ ನೀನು ಚೌಕಟ್ಟು ಬಿಡಲಿಲ್ಲ, ಹೆಜ್ಜೆಯನ್ನೂ ಬಿಡಲಿಲ್ಲ. ಅಂಗಡಿಯ ಬಾಗಿಲಲ್ಲಿ ಅಜ್ಜ ನಿಂತಿದ್ದ. ಅವನೊಬ್ಬನೇ ನಗಲಿಲ್ಲ. ಎರಡೂ ಕದ ಪೂರ್ತಿ ತೆರೆದು, ಪಕ್ಕಕ್ಕೆ ಸರಿದು, 'ಮೆಲ್ಲಗೆ ಇಳಿಸಿ' ಅಂದ. ಇಳಿಸಿದ ಮೇಲೆ ನಮ್ಮಿಬ್ಬರ ತಲೆಯ ಮೇಲೂ ಕೈಯಿಟ್ಟು, 'ಹೆಜ್ಜೆ ಬಂದಿದೆ. ಗಾಜು ಆಮೇಲೆ ಬರುತ್ತೆ' ಅಂದ. ಇಷ್ಟು ವರ್ಷದಲ್ಲಿ ನನಗೆ ಯಾರೂ ಅದಕ್ಕಿಂತ ದೊಡ್ಡ ಮಾತು ಹೇಳಿಲ್ಲ.

ಈಗ ಆ ಗಾಜು ಬಂದಿದೆ. ಬಿರುಗಾಳಿಗೆ ವಾಚನಾಲಯದ ಮುಂದಿನ ದೊಡ್ಡ ಕಿಟಕಿ ಒಡೆದುಹೋಯಿತು. ಹಲಗೆ ಹೊಡೆದಿದ್ದಾರೆ. ಹಗಲಲ್ಲೇ ದೀಪ ಹಾಕಿಕೊಂಡು ಪೇಪರ್ ಓದುತ್ತಿದ್ದಾರೆ. ಅಜ್ಜ ಹಟ ಹಿಡಿದು ಆ ಗಾಜನ್ನು ತಾನೇ ಕೊಯ್ದ. ಈಚೆಗೆ ಅವನ ಕೈ ನಡುಗುತ್ತದೆ, ಆ ಗೆರೆ ಎಳೆಯುವಾಗ ಮಾತ್ರ ನಡುಗಲಿಲ್ಲ. ನಾನು ಪಕ್ಕದಲ್ಲೇ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆ. ಇಷ್ಟು ದೊಡ್ಡದನ್ನು ಈ ಅಂಗಡಿ ಹಿಂದೆಂದೂ ಕಂಡಿಲ್ಲ. ಕೊಯ್ದಿದ್ದೇನೋ ಆಯಿತು, ಹೊರುವವರು ಯಾರು ಅನ್ನುವುದೇ ಈಗ ತಲೆನೋವು. ಅಜ್ಜಿಗೆ ಎಡಗಾಲು ಎಳೆಯುತ್ತಿದೆ, ಅದನ್ನು ಜಪ್ಪಯ್ಯ ಅಂದರೂ ಒಪ್ಪಿಕೊಳ್ಳುವುದಿಲ್ಲ. ಎದುರುಮನೆಯ ಬಡಗಿ ತಾನು ಬರುತ್ತೇನೆಂದ. ಅವನ ಜೊತೆ ನಮ್ಮ ಆ ಹಳೆಯ ಚೌಕಟ್ಟು ಹಿಡಿದು ಅಭ್ಯಾಸ ಮಾಡಿದೆ. ಬಾವಿಯ ತಿರುವು ಮುಟ್ಟುವಷ್ಟರಲ್ಲಿ ತನ್ನ ಅಳಿಯನ ಪುರಾಣವೆಲ್ಲ ಹೇಳಿ ಮುಗಿಸಿದ. ಅಜ್ಜ ಅವನಿಗೆ ಟೀ ಕೊಡಿಸಿ ಮನೆಗೆ ಕಳಿಸಿದ. ಆಮೇಲೆ ಅಜ್ಜಿಗೆ, 'ನಾವಿಬ್ಬರೇ ತಿಂಗಳ ಕೊನೆಗೆ ಎತ್ತೋಣ' ಅಂದ. 'ಹೂಂ ರೀ, ಇದೇನು ನಮಗೆ ಹೊಸದಾ' ಅಂದಳು ಅಜ್ಜಿ. ನನಗೆ ಭಯವಾಗಿದೆ ಗುಂಡಾ. ಅವರು ಬೀಳುತ್ತಾರೆ, ಗಾಜು ಅವರ ಮೇಲೆ ಬೀಳುತ್ತದೆ. ಬೇಡ ಅಂದರೆ ಇಬ್ಬರೂ ಮುಖ ಊದಿಸಿಕೊಳ್ಳುತ್ತಾರೆ.

ಅಂಚೆಯವನು ಬರುವ ಹೊತ್ತಾಯಿತು. ಹೊಟ್ಟೆ ತುಂಬ ಉಣ್ಣು, ಗಡ್ಡ ತೆಗೆ. ಅಜ್ಜ ಅಜ್ಜಿಯ ಆಶೀರ್ವಾದ ನಿನ್ನ ಮೇಲಿದೆ. ನನ್ನ ಲೆಕ್ಕದಲ್ಲಿ ಒಂದು ಸಲ ಕಿವಿ ಹಿಂಡಿದೆ ಅಂದುಕೋ.

ನಿನ್ನ ಅಕ್ಕ,
ಮುಂದಿನ ತುದಿಯವಳು

ತಾ.ಕ.: ಲಕೋಟೆಗೆ ಅಂಟು ಹುಡುಕಿಕೊಂಡು ಕೆಳಗೆ ಹೋದವಳು ಮೆಟ್ಟಿಲಲ್ಲೇ ನಿಂತುಬಿಟ್ಟೆ. ನಾನು ಮೇಲೆ ಬರೆಯುತ್ತಾ ಕೂತಿದ್ದೇನೆಂದುಕೊಂಡು ಅಜ್ಜ ಅಜ್ಜಿ ಇಬ್ಬರೂ ಅದೇ ಖಾಲಿ ಚೌಕಟ್ಟು ಹೊತ್ತುಕೊಂಡು ಹಿತ್ತಿಲಿಂದ ಅಂಗಡಿಗೆ ಬರುತ್ತಿದ್ದರು. ಅಜ್ಜಿ ಮುಂದೆ, ಎಡಗಾಲು ಎಳೆಯುತ್ತಾ. ಹಿಂದೆ ಅಜ್ಜ, ತನ್ನ ಒಳ್ಳೆಯ ಕಾಲನ್ನೂ ಅವಳ ಹಾಗೆಯೇ ಎಳೆಯುತ್ತಿದ್ದ. ಹೆಜ್ಜೆ ಒಂದಿಷ್ಟೂ ತಪ್ಪಿರಲಿಲ್ಲ. ನಾನು ಓಡಿಹೋಗಿ ಎರಡೂ ಕದ ತೆರೆದು ಹಿಡಿದೆ, 'ಮೆಲ್ಲಗೆ ಇಳಿಸಿ' ಅಂದೆ. ಇಳಿಸಿದ ಮೇಲೆ ಅಜ್ಜಿ ಚೌಕಟ್ಟಿಗೆ ಆತುಕೊಂಡು ನಿಂತಳು. ಬರೀ ಮರಕ್ಕೇ ಅವಳ ಕೈ ಸೋತಿತ್ತು. ಅಜ್ಜ ಅದನ್ನು ನೋಡಿದ, ನಾನು ನೋಡಿದ್ದನ್ನೂ ನೋಡಿದ. ಕೈಗವಸು ಕಳಚಿ ನನ್ನ ಕೈಗಿಟ್ಟು, 'ಅವನ ಅಳತೆಗೆ ಈಗ ಸರಿಹೋಗಬಹುದು' ಅಂದ. ಹಡಗಿನವರಿಗೆ ಹೆಸರು ಕೊಡಬೇಡ. ತಿಂಗಳ ಕೊನೆಯೊಳಗೆ ಬಾ.