ಸಾಲಗಾಮೆಯ ಸೊಟ್ಟ ರಿಂಗು

ಶೋಭಿತಾ,

ಉಪ್ಪಿಟ್ಟು ಮುಚ್ಚಿಟ್ಟಿದೀನಿ. ನೀನೇ ತಿನ್ನು, ನಾಯಿಗೆ ಹಾಕಬೇಡ.

ಕಂಪ್ಯೂಟರಿನ ಎರಡು ಬ್ಯಾಸ್ಕೆಟ್‌ಬಾಲ್ ಗೇಮಲ್ಲಿ ಯಾವುದು ನಿಜದ ಹಂಗಿದೆ ಅಂತ ಒಂದು ತಿಂಗಳಿಂದ ಕೇಳ್ತಿದ್ದೆಯಲ್ಲ, ನಿನ್ನೆ ನೀನು ಕಾಲೇಜಿಗೆ ಹೋದಾಗ ಎರಡನ್ನೂ ಆಡಿ ನೋಡ್ದೆ. ಹಳೇದರಲ್ಲಿ ಆಟಗಾರರು ಬೆವರ್ತಾರೆ. ಹೊಸದರಲ್ಲಿ ಬೆವರೋದಲ್ದೆ ಬಿದ್ದವನು ಎದ್ದು ಕುಂಟ್ತಾನೆ. ಆದ್ರೂ ಎರಡೂ ಸುಳ್ಳು ಕಣವ್ವ. ಎರಡರಲ್ಲೂ ರಿಂಗು ನೆಟ್ಟಗಿದೆ.

ನಮ್ಮೂರ ಮೈದಾನದ ರಿಂಗು ಎಡಕ್ಕೆ ಸರಿದಿದೆ. ಅಂಬೇಡ್ಕರ್ ಜಯಂತಿ ಪೆಂಡಾಲಿನ ಹಗ್ಗ ಅದಕ್ಕೆ ಬಿಗಿದು ಸೊಟ್ಟ ಮಾಡಿದವನು ನಾನು. ನಾಲ್ಕು ಬೆರಳು ಎಡಕ್ಕೆ ಹೊಡಿ ಅಂತ ನಿಂಗೆ ಕಲಿಸಿದವನೂ ನಾನೇ. ಹಾಸನದ ಟೀಮ್ ಸೆಲೆಕ್ಷನ್ನಲ್ಲಿ ರಿಂಗು ನೆಟ್ಟಗಿತ್ತು, ನೀನು ಹೊಡೆದ ಆರು ಬಾಲೂ ಸರಿಯಾಗಿ ನಾಲ್ಕು ಬೆರಳು ಎಡಕ್ಕೆ ಹೋದ್ವು. ಬಸ್ಸಲ್ಲಿ ಬರ್ತಾ ಇದನ್ನ ಹೇಳಬೇಕಿತ್ತು. ಅದರ ಬದಲು ಕಡ್ಲೇಕಾಯಿ ಕೊಡಿಸ್ದೆ. ನೀನು ಅವತ್ತಿಂದ ಬಾಲ್ ಮುಟ್ಟಿಲ್ಲ.

ಏಣಿ, ಸ್ಪ್ಯಾನರ್ ತಗೊಂಡು ಮೈದಾನಕ್ಕೆ ಹೋಗಿದೀನಿ. ಏಣಿ ಹಿಡ್ಕೊಳ್ಳೋಕೆ ಯಾರೂ ಇಲ್ಲ.

ಬಾಲಿಗೆ ಗಾಳಿ ಹೊಡೆದು ಬಾಗಿಲ ಹತ್ರ ಇಟ್ಟಿದೀನಿ. ಬರ್ತಾ ತಗೊಂಡು ಬಾ. ರಿಂಗು ನೆಟ್ಟಗಾಯ್ತೋ ಇಲ್ವೋ ನೀನೇ ಹೊಡೆದು ನೋಡ್ಬೇಕು. ನಾನು ಹೊಡೆದ್ರೆ ಈಗ್ಲೂ ಎಡಕ್ಕೇ ಹೋಗುತ್ತೆ.

ಅಪ್ಪ