ಅಧಿಕಾರಿಯ ಚಹಾ

೧೪ ಅಕ್ಟೋಬರ್ ೧೯೭೨, ಶನಿವಾರ. ರಾನಿಯಾ.

ಆ ಚಹಾದ ಸಿಹಿ ಇನ್ನೂ ನಾಲಿಗೆಯಿಂದ ಹೋಗಿಲ್ಲ.

ಸೆರೆಯಲ್ಲಿರುವ ಅಣ್ಣ ಸೀರ್ವಾನ್‌ನನ್ನು ಬಿಡಿಸಲು ಖಿದಿರ್ ದೊಡ್ಡಪ್ಪ, ನಜಾತ್ ವಕೀಲರು, ನಾನು ಬಾಗ್ದಾದಿನ ಅಧಿಕಾರಿಯ ಮುಂದೆ ಕೂತಿದ್ದೆವು. ವಕೀಲರು ಬಾಗ್ದಾದ್ ಸರ್ಕಾರ ನಮ್ಮ ಕುರ್ದರಿಗೆ ಬರೆದುಕೊಟ್ಟ ಸ್ವಾಯತ್ತತೆಯ ಒಪ್ಪಂದ ಬಿಚ್ಚಿ ಒಂದೊಂದೇ ಕಲಮು ಓದಿದರು. ಅಧಿಕಾರಿ ಆಕಳಿಸಿದ.

"ಸಾಕು ಮುಚ್ಚಪ್ಪಾ ನಜಾತ್, ಸಾಹೇಬ್ರಿಗೆ ಜೋಂಪು ಹತ್ತಿದೆ," ಎಂದ ದೊಡ್ಡಪ್ಪ ತಮ್ಮ ಚಹಾದ ಲೋಟವನ್ನು ದೂರ ಸರಿಸಿದರು. "ಹುಡುಗನ್ನ ಬಿಡ್ತೀನಿ ಅನ್ನಿ, ಆಮೇಲೆ ಕುಡೀತೀವಿ."

ಅಧಿಕಾರಿಯ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ಕೇಳಲು ಬಂದವರು ಚಹಾ ಮುಟ್ಟದೆ ಎದ್ದು ಹೋದರೆ ಕೊಟ್ಟವನಿಗೇ ಅವಮಾನ; ಕೇಳಿದ್ದು ಸಿಗುವ ಮೊದಲೇ ಕುಡಿದರೆ ಮಾತು ಅಲ್ಲಿಗೆ ಮುಗಿದಂತೆ. ಅವನು ಮೆಲ್ಲನೆ ನನ್ನತ್ತ ತಿರುಗಿದ.

"ನೀನಾದ್ರೂ ಕುಡಿಯಮ್ಮಾ, ಆರಿಹೋಗ್ತಿದೆ."

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಕುಡಿದುಬಿಟ್ಟೆ.

"ತಂಗೀನೇ ಕುಡಿದಾಯ್ತಲ್ಲ!" ಎಂದು ನಕ್ಕು ಅಣ್ಣನ ಕಡತ ಮುಚ್ಚಿದ.

ದಾರಿಯುದ್ದಕ್ಕೂ ಇಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

ಅಮ್ಮ ಬಾಗಿಲಲ್ಲೇ ಕೇಳಿದಳು: "ದೊಡ್ಡಪ್ಪ ಚಹಾ ಕುಡಿದ್ರಾ?"

"ಇಲ್ಲಮ್ಮಾ."

"ಹಾಗಾದ್ರೆ ಮಾತು ಇನ್ನೂ ಮುಗಿದಿಲ್ಲ ಬಿಡು," ಎಂದು, ಬಿಸಿಲಿಗೆ ಹಾಕಿದ್ದ ಅಣ್ಣನ ಹಾಸಿಗೆಯನ್ನು ಒಳಗೆ ತಂದು ಹಾಸಿದಳು.

ನಾನು ಕುಡಿದದ್ದನ್ನು ನಾಳೆ ಹೇಳಬೇಕು. ನಾಳೆ ಬೆಳಿಗ್ಗೆ, ಅವಳು ಆ ಹಾಸಿಗೆ ಮಡಿಸುವ ಮೊದಲು.