ಎರಡನೆಯವರ ರುಜು

ಬುಧವಾರ, ಸೆಪ್ಟೆಂಬರ್ ೧೭

ಹಕ್ಕಿ ಮೇಷ್ಟ್ರಿಗೆ,

ಊರವರು ಕರೆಯುವಂತೆಯೇ ಕರೆದಿದ್ದೇನೆ. ‘ಪ್ರಿಯ’ ಎಂದು ಬರೆಯಲು ಕೈ ಬರಲಿಲ್ಲ. ನಾನು ಕ್ಷೇಮ. ಔಷಧದಂಗಡಿಯ ಕೆಲಸ ಒಗ್ಗಿದೆ. ಅಕ್ಕನ ಮನೆಯಲ್ಲಿ ನನಗೊಂದು ಕೋಣೆಯಿದೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಲ್ಲೇನು ಕಂಡಿತೆಂದು ಯಾರೂ ಕೇಳುವುದಿಲ್ಲ.

ನಿಮ್ಮ ಕಾಗದ ತಲುಪಿತು. ಏಳು ತಿಂಗಳಲ್ಲಿ ಇದೇ ಮೊದಲನೆಯದು. ನನ್ನ ಬಗ್ಗೆ ಒಂದು ಸಾಲು, ಹಕ್ಕಿಯ ಬಗ್ಗೆ ಎರಡೂವರೆ ಪುಟ. ವಿಷಯ ಅರ್ಥವಾಯಿತು. ಫೆಬ್ರವರಿಯ ಬಿರುಗಾಳಿಯ ಮರುದಿನ ಭೂಶಿರದಲ್ಲಿ ನೀವು ಕಂಡ ಪೆಟ್ರೆಲ್ ಎಂಬ ಕಡಲಹಕ್ಕಿಯನ್ನು ಪಕ್ಷಿ ಸಂಘ ದಾಖಲೆಗೆ ಸೇರಿಸಬೇಕಾದರೆ ಎರಡನೆಯವರ ರುಜು ಬೇಕು, ಈ ತಿಂಗಳೊಳಗೆ ಬೇಕು. ಇಲ್ಲದಿದ್ದರೆ ನೀವು ಮೂವತ್ತು ವರ್ಷ ಕಾದ ಹಕ್ಕಿ ಬಂದೇ ಇಲ್ಲ ಎಂದಾಗುತ್ತದೆ. ಅಂದು ಜೊತೆಗಿದ್ದವಳು ನಾನೊಬ್ಬಳೇ.

ಆದರೆ ನಿಮ್ಮ ಟೆಲಿಸ್ಕೋಪಿನಲ್ಲಿ ನನಗೆ ಅದು ಕಾಣಲಿಲ್ಲ. ಅದರಲ್ಲಿ ನನಗೆ ಯಾವ ಹಕ್ಕಿಯೂ ಕಂಡಿದ್ದಿಲ್ಲ. ಸ್ಟ್ಯಾಂಡು ನಿಮ್ಮ ಎತ್ತರಕ್ಕೆ. ತುದಿಗಾಲಲ್ಲಿ ನಿಂತರೂ ನನಗೆ ಸಿಗುತ್ತಿದ್ದುದು ಒಂದು ಚೂರು ಆಕಾಶ. ಮದುವೆಯಾದ ಹೊಸತರಲ್ಲಿ ಹೇಳಿದ್ದೆ. ತಗ್ಗಿಸಿದ್ರೆ ಮತ್ತೆ ಹಕ್ಕಿ ಸಿಗಲ್ಲ ಕಣೇ ಅಂದಿರಿ. ಆಮೇಲೆ ನೀವು ಕಂಡ್ತಾ ಅಂದಾಗೆಲ್ಲ ನಾನು ಹೂಂ, ಕಂಡ್ತು ಅಂದೆ. ಗಾಳಿಗೆ ಕಿವಿ ನೋಯುತ್ತಿತ್ತು, ಬೇಗ ಮನೆ ಸೇರಿದರೆ ಸಾಕಾಗಿತ್ತು. ನಿಮಗೆ ಖುಷಿಯೂ ಆಗುತ್ತಿತ್ತು. ಹೀಗೆ ಹತ್ತೊಂಬತ್ತು ವರ್ಷ.

ಆ ದಿನವೂ ಹೂಂ ಅಂದೆ. ಅಂದ ಮೇಲೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ವಾರದೊಳಗೆ ಹೊರಟು ಬಂದೆ. ಅಕ್ಕ ಕಾರಣ ಕೇಳಿದಳು, ಸ್ಟ್ಯಾಂಡಿನ ವಿಷಯ ಹೇಳಿದೆ. ಇಷ್ಟಕ್ಕೆಲ್ಲ ಯಾರಾದ್ರೂ ಗಂಡನ್ನ ಬಿಟ್ಟು ಬರ್ತಾರೇನೇ ಅಂತ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ ಹಾಸಿಗೆ ಹಾಸಿಕೊಟ್ಟಳು.

ಆದ್ದರಿಂದ ನೀವು ತುಂಬಿ ಕಳಿಸಿದ ಹಾಳೆಗೆ ರುಜು ಹಾಕಲಾರೆ. ಹಾಗೆಯೇ ವಾಪಸು ಇಟ್ಟಿದ್ದೇನೆ. ಬೇಜಾರಾಗುತ್ತದೆ, ಗೊತ್ತು. ಬಿಪಿ ಮಾತ್ರೆ ತಪ್ಪಿಸಬೇಡಿ.

ಇಂತಿ,
ಸದ್ಯಕ್ಕೆ ನಿಮ್ಮ ಹೆಂಡತಿ

ತಾ. ಕ.: ಟೆಲಿಸ್ಕೋಪಿನಲ್ಲಿ ಕಾಣಲಿಲ್ಲ ಎಂದಷ್ಟೇ ಹೇಳಿದೆ. ಅದಕ್ಕೆ ಕಾಲು ಗಂಟೆ ಮೊದಲು, ನೀವು ದೂರದ ಹಡಗಿನ ಸುತ್ತ ಹುಡುಕುತ್ತಿದ್ದಾಗ, ಅದು ನಮ್ಮ ಬಂಡೆಯ ಕೆಳಗೇ ಬಂದಿತ್ತು. ಬರಿಗಣ್ಣಿಗೆ ಕಂಡಿತು: ಒಂದು ಹಿಡಿಯಷ್ಟು ಕಪ್ಪು ಹಕ್ಕಿ, ಬಾಲದ ಬುಡ ಬಿಳಿ, ನೀರಿನ ಮೇಲೆ ಕಾಲಿಟ್ಟು ನಡೆದ ಹಾಗೆ ಹಾರುತ್ತಿತ್ತು. ನಿಮ್ಮನ್ನು ಕರೆಯಲಿಲ್ಲ. ಅದೊಂದು ನನಗೇ ಇರಲಿ ಅನ್ನಿಸಿತು. ಸಂಘದಿಂದ ಇನ್ನೊಂದು ಹಾಳೆ ತರಿಸಿ, ತುಂಬಿ, ಇದರ ಜೊತೆ ಇಟ್ಟಿದ್ದೇನೆ. ‘ಮೊದಲು ಕಂಡವರು’ ಎಂಬಲ್ಲಿ ನನ್ನ ಹೆಸರಿದೆ. ಎರಡನೆಯ ಸಾಲಿನಲ್ಲಿ ನಿಮ್ಮ ರುಜು ಬೇಕು.